ಅಲೆಯ ಕಣ್ಣಿಗೆ ಬಿದ್ದ ಗಂಟು

ಗಜೇಂದ್ರಗಡದ ನೇಕಾರ ಓಣಿಯಲ್ಲಿ ಮಗ್ಗದ ಸದ್ದು ಇದ್ದಾಗ ಯಾರಿಗೂ ಅದು ಕೇಳಿಸುವುದಿಲ್ಲ, ನಿಂತಾಗ ಮಾತ್ರ ಎಲ್ಲರಿಗೂ ಕೇಳಿಸುತ್ತದೆ. ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಂಗಸು ಕೈ ನಿಲ್ಲಿಸಿ ತಲೆ ಎತ್ತುತ್ತಾಳೆ. ಸದ್ದು ಎಷ್ಟು ಹೊತ್ತು ನಿಂತಿತು ಎನ್ನುವುದರ ಮೇಲೆಯೇ ಎಳೆ ಕಡಿಯಿತೋ, ಲಾಳಿಯಲ್ಲಿ ನೂಲು ಮುಗಿಯಿತೋ, ಇಲ್ಲಾ ಯಜಮಾನರು ಚಹಾದ ದಾರಿ ಕಾಯುತ್ತಿದ್ದಾರೋ ಎಂದು ಅವಳಿಗೆ ಗೊತ್ತಾಗುತ್ತದೆ. ಬನಶ್ರೀ ಹುಟ್ಟಿ ಬೆಳೆದದ್ದು ಇಂಥ ಕಿವಿಗಳ ನಡುವೆ.

ಅವಳ ಅಪ್ಪ ಮುದಿಯಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವವನು, ಅವ್ವ ಸಾವಕ್ಕ ಪಕ್ಕದಲ್ಲೇ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವವಳು. ಮಗ್ಗದ ಬದಿಯ ಗೂಟಕ್ಕೆ ಒಂದು ರೇಡಿಯೊ ತೂಗುತ್ತಿತ್ತು. ಈ ಕಾಲದಲ್ಲಿ ರೇಡಿಯೊ ಏಕೆ ಎಂದು ಕೇಳುವವರು ಒಮ್ಮೆ ಮಗ್ಗದಲ್ಲಿ ಕೂತು ನೋಡಬೇಕು. ಮನೆಯಲ್ಲಿ ಟಿವಿ ಇತ್ತು, ಕಿಸೆಯಲ್ಲಿ ಮೊಬೈಲೂ ಇತ್ತು. ಆದರೆ ನೇಯುವವನ ಕೈ ಕಾಲು ಮಗ್ಗಕ್ಕೆ ಮೀಸಲು, ಕಣ್ಣು ಎಳೆಗೆ ಮೀಸಲು. ಬಿಡುವಾಗಿ ಉಳಿಯುವುದು ಕಿವಿಯೊಂದೇ. ಮುದಿಯಪ್ಪ ಆ ಕಿವಿಯನ್ನು ಇಡೀ ದಿನ ರೇಡಿಯೊಗೆ ಕೊಟ್ಟಿದ್ದ.

ಆ ಓಣಿಯಲ್ಲಿ ಎಲ್ಲಿಯೂ ಬರೆದಿಡದ ಒಂದು ಕಟ್ಟಳೆ ಉಂಟು. ಕಡಿದ ಎಳೆಯನ್ನು ಮೊದಲು ಕಂಡವರೇ ಗಂಟು ಹಾಕಬೇಕು. ಕೂಗಿ ಕರೆಯುವಂತಿಲ್ಲ, ಹಾಕಲೇ ಎಂದು ಕೇಳುವಂತಿಲ್ಲ. ಉಣ್ಣಲು ಬಂದ ಬೀಗರೇ ಆದರೂ ಅಷ್ಟೇ, ಕೈ ಒರೆಸಿಕೊಂಡು ಗಂಟು ಹಾಕಿ ಮುಂದಿನ ಮಾತು. ಆ ಗಂಟಾದರೂ ಎಂಥದು? ಬಟ್ಟೆಯ ಮೇಲೆ ಬೆರಳಾಡಿಸಿದರೂ ತಿಳಿಯಬಾರದು. "ಗಂಟು ಹಾಕಿದ್ದು ಹಾಕಿದವಗೂ ಕಾಣಬಾರದು," ಎನ್ನುತ್ತಿದ್ದ ಮುದಿಯಪ್ಪ. ಬನಶ್ರೀಯ ಬೆರಳು ಈ ಕೆಲಸಕ್ಕೆ ಎಷ್ಟು ಪಳಗಿದ್ದವೆಂದರೆ, ಮಗ್ಗದ ಉದ್ದೆಳೆಗಳ ಹೊಸ ಹಾಸನ್ನು ಹಳೆಯದಕ್ಕೆ ಎಳೆ ಎಳೆಯಾಗಿ ಕೂಡಿಸುವಾಗ ಓಣಿಯ ಮಂದಿ ಅವಳನ್ನು ಸಾಲಿಯಿಂದ ಬರುವ ದಾರಿಯಲ್ಲೇ ಹಿಡಿದು ಕರೆದೊಯ್ಯುತ್ತಿದ್ದರು.

ಒಂದು ದಿನ ರೇಡಿಯೊ ಬಾಯಿ ಮುಚ್ಚಿತು. ಸಾವಕ್ಕ ಅದನ್ನು ಮಗಳ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿನ ಹತ್ತಿರದ ನಜೀರಸಾಬನ ಅಂಗಡಿಗೆ ಕಳಿಸಿದಳು. ಊರಿನ ಮೈಕು, ಕೇಬಲ್ಲು, ಟಿವಿ, ರೇಡಿಯೊಗಳ ಹೊಟ್ಟೆಯೊಳಗಿನ ರೋಗಗಳೆಲ್ಲ ಅವನಿಗೆ ಗೊತ್ತಿದ್ದವು. ರಿಪೇರಿ ಮುಗಿದ ಮೇಲೆ ಹುಡುಗಿ ಕೇಳಿದಳು.

"ಕಾಕಾ, ಇದಕ್ಕ ತಂತಿನ ಇಲ್ಲ. ಮತ್ತ ಮಾತು ಯಾವ ದಾರೀಲೆ ಬರ್ತೈತ್ರಿ?"

ನಜೀರಸಾಬ ಗಿರಾಕಿಗಳಿಗೆ ಸರಿಯಾಗಿ ಉತ್ತರ ಕೊಡುವ ಆಸಾಮಿಯಲ್ಲ. ಅವತ್ತು ಏನನಿಸಿತೋ, ಅಂಗಡಿಗೆ ಬೀಗ ಹಾಕಿ, ಹುಡುಗಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಡ್ಡದ ಬುಡಕ್ಕೆ ಹೋದ. ಅಲ್ಲಿ ರೇಡಿಯೊ ಬರೀ ಗರಗರ ಎಂದಿತು. ಗುಡ್ಡದ ಮೇಲಿನ ಕೋಟೆಯ ಮೆಟ್ಟಿಲು ಹತ್ತುತ್ತ ಹೋದಂತೆ ಗರಗರದೊಳಗಿಂದ ಒಂದು ಹಾಡು ತಲೆ ಎತ್ತಿತು. ಮೇಲೆ ಹೋಗಿ ನಿಂತಾಗ, ಹಾಡುವವರು ಪಕ್ಕದಲ್ಲೇ ನಿಂತ ಹಾಗೆ ಸ್ವಚ್ಛವಾಗಿ ಕೇಳಿತು.

"ಕೆಳಗ ಗುಡ್ಡ ಅಡ್ಡ ಇತ್ತು, ಇಲ್ಲಿ ಇಲ್ಲ. ಇಷ್ಟ ನೋಡು ದಾರಿ," ಎಂದ ನಜೀರಸಾಬ.

"ಅಂದ್ರ ಮಾತು ಈಗ ಇಲ್ಲೇ ಐತೇನ್ರಿ?"

"ಇಲ್ಲೇ ಐತಿ. ನಿನ್ನ ಮೈಯಾಗಿಂದ ಹಾದು ಹೊಂಟೈತಿ, ನನ್ನ ಮೈಯಾಗಿಂದ ಹಾದು ಹೊಂಟೈತಿ. ಒಂದಲ್ಲ ಯವ್ವಾ, ಎಷ್ಟೋ ಮಂದಿ ಮಾತು, ಎಷ್ಟೋ ಊರಿನ ಹಾಡು. ಒಂದಕ್ಕೊಂದು ಬಡಿಯೂದುಲ್ಲ, ಸಿಕ್ಕಾಗೂದುಲ್ಲ. ನಮಗ ಗೊತ್ತಾಗೂದುಲ್ಲ ಅಷ್ಟ. ಹಿಡಿಯಾಕ ಈ ಡಬ್ಬಿ ಬೇಕು."

ಬನಶ್ರೀ ತನ್ನ ಅಂಗೈ ಬಿಚ್ಚಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ ಅಂಗೈಯೊಳಗಿಂದ ಯಾರದೋ ಹಾಡು ಹಾದುಹೋಗುತ್ತಿದೆ ಎನ್ನುವುದನ್ನು ನೆನೆದು ಅವಳ ಮೈ ಜುಮ್ಮೆಂದಿತು. ಅವಳ ಬದುಕು ದಾರಿ ಬದಲಿಸಿದ್ದು ಅಲ್ಲಿಯೇ. ಮುಂದಿನದೆಲ್ಲ ಆ ಜುಮ್ಮೆನ್ನುವಿಕೆಯನ್ನು ಬೆನ್ನಟ್ಟಿ ಹೋದದ್ದು.

ಎಸ್ಸೆಸ್ಸೆಲ್ಸಿ ಮುಗಿಸಿ ಅವಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೇರಿದಳು. ಪ್ರಸಾರದ ಕೆಲಸ ಹಿಡಿಯಬೇಕೆನ್ನುವವರಿಗೆ ಇರುವ ಹೆದ್ದಾರಿ ಅದೇ; ಇನ್ನೂ ಮುಂದೆ ಓದುವವರು ಬಿಇ ಮಾಡುತ್ತಾರೆ. ಆದರೆ ಓದಿದ ಮೇಲೆ ಕೆಲಸ ಎಲ್ಲಿ ಸಿಗುತ್ತದೆ ಎನ್ನುವುದನ್ನು ಯಾವ ಪುಸ್ತಕವೂ ಹೇಳಲಿಲ್ಲ. ಹೇಳಿದವನು ನಜೀರಸಾಬನೇ. "ಯಾವುದಾರ ರೇಡಿಯೊ ಕಂಬದ ಬುಡಕ್ಕ ಹೋಗಿ ನಿಂದ್ರು. ಕಸಾ ಹೊಡಿ ಅಂದ್ರ ಕಸಾ ಹೊಡಿ. ಮಾತು ಕಳಿಸೂ ಪೆಟಗಿ ಮುಟ್ಟಾಕ ಬಿಡೂತನಕ ಅಲ್ಲಿಂದ ಕದಲಬ್ಯಾಡ," ಎಂದಿದ್ದ. ಗೆಳತಿಯರು ಕಾರ್ಖಾನೆಗಳ ಸಂದರ್ಶನಕ್ಕೆ ಓಡಾಡುತ್ತಿದ್ದಾಗ ಬನಶ್ರೀ ರೋಣದ ಬಸ್ಸು ಹತ್ತಿದಳು.

ರೋಣದಲ್ಲಿ ಪೇಟೆ ದಾಟಿ ಎರೆಹೊಲಗಳು ಶುರುವಾಗುವ ಕಡೆ ಎರೆನಾಡು ಬಾನುಲಿ ಎಂಬ ಸಣ್ಣ ರೇಡಿಯೊ ಕೇಂದ್ರವಿತ್ತು. ರೈತರೇ ಕೂಡಿ ಕಟ್ಟಿಕೊಂಡದ್ದು. ಎರಡು ಕೋಣೆ, ಹಿತ್ತಲಲ್ಲಿ ಒಂದು ಎತ್ತರದ ಕಬ್ಬಿಣದ ಕಂಬ. ಕಡಲೆಯ ದರ, ಜೋಳದ ರೋಗ, ಹೊಳೆಯ ನೀರು, ಸೋಬಾನೆ ಪದ ಎಲ್ಲವೂ ಅಲ್ಲಿಂದ ಹಾರುತ್ತಿದ್ದವು. ಅಲ್ಲಿನ ಎಂಜಿನಿಯರ್ ಸಿದ್ದಾರೂಢ ನರಗುಂದದವರು, ವಾರಕ್ಕೊಮ್ಮೆ ಊರಿಗೆ ಹೋಗಿಬರುವವರು. ಬಾಗಿಲಲ್ಲಿ ನಿಂತ ಹುಡುಗಿಯನ್ನು ಕನ್ನಡಕದ ಮೇಲಿಂದ ನೋಡಿದರು.

"ಮಾತಾಡಾಕ ಬಂದಿ ಏನವಾ?"

"ಇಲ್ಲರಿ ಸರ್."

"ಹಾಡಾಕ?"

"ಇಲ್ಲರಿ."

"ಮತ್ತೇನು?"

"ಕಂಬದ ಕೆಲಸಕ್ಕರಿ."

ಸಿದ್ದಾರೂಢ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಂಗಾರ ಒಳಗ ಬಾ. ಮಾತಾಡೋರು ದಿನಾ ಬರ್ತಾರ."

ಮನೆಯಲ್ಲಿ ಮುದಿಯಪ್ಪನಿಗೆ ಇದು ಹಿಡಿಸಲಿಲ್ಲ. ಎರಡನೇ ಮಗ್ಗ ಖಾಲಿ ನಿಂತಿತ್ತು, ಮಗಳ ಬೆರಳಂಥ ಬೆರಳು ಓಣಿಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. "ನಾ ನೇದದ್ದನ್ನ ಕೈಯಾಗ ಹಿಡೀಬಹುದು. ನೀ ಮಾಡೂದನ್ನ ಎಲ್ಲಿ ಹಿಡೀಲಿ?" ಎಂದು ಕೇಳಿದ. ಕೊನೆಗೆ ಅವನೇ ಒಂದು ಗಡಿ ಹಾಕಿದ. "ಮಳಿಗಾಲ ಮುಗಿಯೂತನಕ ನೋಡು. ಅಷ್ಟರಾಗ ಅವರು ನಿನ್ನ ಗಟ್ಟಿಯಾಗಿ ಇಟ್ಕೊಂಡ್ರ ಸರಿ, ಇಲ್ಲಾಂದ್ರ ಬಂದು ಮಗ್ಗಕ್ಕ ಕೂಡು."

ಹೀಗೆ ಬನಶ್ರೀಯ ಪ್ರಸಾರ ಎಂಜಿನಿಯರಿಂಗ್ ಆರಂಭವಾದದ್ದು ಒಂದು ಅರಿವೆಯ ತುಂಡು ಮತ್ತು ಒಂದು ಕೊಡ ನೀರಿನಿಂದ. ಅರಿವೆ, ಪೆಟ್ಟಿಗೆಯ ಧೂಳು ಒರೆಸುವುದಕ್ಕೆ. ನೀರು, ಕಂಬದ ಬುಡದ ಗುಂಡಿಗೆ; ಸಿಡಿಲು ಹೊಡೆದರೆ ಅದನ್ನು ನೆಲ ನುಂಗಬೇಕು, ನೆಲ ನುಂಗಬೇಕಾದರೆ ಅದು ತೇವವಾಗಿರಬೇಕು. ಬೇಸಿಗೆಯಲ್ಲಿ ಅವಳು ದಿನಾ ಕಬ್ಬಿಣದ ಕಂಬಕ್ಕೆ ನೀರು ಹಾಕುವುದನ್ನು ಕಂಡು ಹೊಲದ ಮಂದಿ, "ಎಂದ ಹಣ್ಣು ಬಿಡ್ತೈತಿ ತಂಗಿ ಇದು?" ಎಂದು ಚೇಷ್ಟೆ ಮಾಡುತ್ತಿದ್ದರು. ಊರಲ್ಲಿ ಇನ್ನೊಂದು ಪಜೀತಿ. ರೇಡಿಯೊದಲ್ಲಿ ಕೆಲಸ ಎಂದರೆ ಎಲ್ಲರೂ, "ಹಂಗಾರ ನಿನ್ನ ಧ್ವನಿ ಯಾವಾಗ ಬರ್ತೈತಿ?" ಎಂದೇ ಕೇಳುವವರು. ತನ್ನ ಧ್ವನಿ ಎಂದೂ ಬರುವುದಿಲ್ಲ, ಬರುವ ಧ್ವನಿಯನ್ನು ಕಳಿಸುವುದೇ ತನ್ನ ಕೆಲಸ ಎಂದು ಹೇಳಿ ಹೇಳಿ ಅವಳಿಗೆ ಸಾಕಾಯಿತು.

ಆದರೆ ಆ ಪೆಟ್ಟಿಗೆಯ ಮುಂದೆ ನಿಂತಾಗ ಈ ಬೇಸರವೆಲ್ಲ ಮರೆಯುತ್ತಿತ್ತು. ಅದೊಂದು ಸಣ್ಣ ಟ್ರಂಕಿನಷ್ಟು ಇದ್ದ ಪ್ರಸಾರ ಯಂತ್ರ. ತಲೆಯ ಮೇಲೆ ತಿರುಗುವ ಫ್ಯಾನಿಗೆ ಬೇಕಾಗುವಷ್ಟು ಶಕ್ತಿಯೂ ಅದರಿಂದ ಗಾಳಿಗೆ ಸೇರುತ್ತಿರಲಿಲ್ಲ. ಅಷ್ಟರಲ್ಲೇ ಆಡಿದ ಮಾತು ಹೊಲ, ಹಳ್ಳ, ಜಾಲಿಕಂಟಿಗಳನ್ನೆಲ್ಲ ದಾಟಿ ಮಲಪ್ರಭೆಯ ದಂಡೆಯ ಮೆಣಸಗಿಯವರೆಗೆ ಹೋಗುತ್ತಿತ್ತು, ಅದೂ ಆಡಿದ ಗಳಿಗೆಯಲ್ಲೇ. ಫ್ಯಾನು ಗಾಳಿಯನ್ನು ಕೋಣೆಯ ಆ ಮೂಲೆಗೆ ತಲುಪಿಸಲು ಒದ್ದಾಡುತ್ತದೆ. ಈ ಪೆಟ್ಟಿಗೆ ಬೆವರುವುದೂ ಇಲ್ಲ. ಎಷ್ಟು ದಿನವಾದರೂ ಬನಶ್ರೀಗೆ ಇದು ಹಳತಾಗಲಿಲ್ಲ.

ಮೆಣಸಗಿಯೇ ಆ ಕೇಂದ್ರದ ದನಿ ಮುಟ್ಟುವ ಕೊನೆಯ ಊರು. ಅಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ಹಿಂದೆ ಹೊಳೆ ತುಂಬಿ ನೀರು ಅವಳ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಅಂದಿನಿಂದ ಗೋಡೆಯ ಗೂಡಿನಲ್ಲಿ ರೇಡಿಯೊ ಇಟ್ಟು, ಎದ್ದ ಕೂಡಲೇ ಹಚ್ಚುತ್ತಿದ್ದಳು. "ಮೊಬೈಲಿನ್ಯಾಗ ಬರೂ ಸುದ್ದಿಗೆ ಅಪ್ಪ ಇಲ್ಲ ಅವ್ವ ಇಲ್ಲ. ರೇಡಿಯೊದಾಗ ಹೇಳಿದ್ರ ಹೇಳಿದವ್ರು ಯಾರಂತ ಗೊತ್ತಿರ್ತೈತಿ," ಎನ್ನುವುದು ಅವಳ ವಾದ. ಸಿದ್ದಾರೂಢರು ಪ್ರತಿದಿನ ಪ್ರಸಾರ ಶುರುವಾದ ಕೂಡಲೇ ಅವಳಿಗೆ ಫೋನ್ ಮಾಡಿ, "ಬರಾಕತ್ತೈತೇನವಾ?" ಎಂದು ಕೇಳುತ್ತಿದ್ದರು. "ಚಲೋ ಬರಾಕತ್ತೈತ್ರಿ," ಎಂದು ಅವಳು ಹೇಳಿದ ಮೇಲೆಯೇ ಅವರು ಚಹಾ ಕುಡಿಯುತ್ತಿದ್ದರು.

"ಕೇಂದ್ರದಾಗ ಕುಂತು ಕೇಂದ್ರದ ಧ್ವನಿ ಕೇಳಿದ್ರ ಏನೂ ತಿಳಿಯೂದುಲ್ಲ," ಎಂದು ಅವರು ಬನಶ್ರೀಗೆ ಮೊದಲೇ ಹೇಳಿದ್ದರು. "ನಮ್ಮ ಕೆಲಸ ಇರೂದು ಆ ಕಡೀಕ. ಬಾಳವ್ವನ ಡಬ್ಬಿ ನಿನ್ನ ಕೈಯಿಂದ ಮಾತಾಡಿದ ದಿವಸ ನಿನ್ನ ಎಂಜಿನಿಯರ್ ಅಂತೀನಿ. ಅಲ್ಲೀತನಕ ಧೂಳಾ ಒರಸು."

ಭಾದ್ರಪದದಲ್ಲಿ ಸಿದ್ದಾರೂಢರು ಮನೆಯ ಪೂಜೆಗೆಂದು ನರಗುಂದಕ್ಕೆ ಹೋದರು. ಮರುದಿನ ಬೆಳಿಗ್ಗೆ ಬನಶ್ರೀ ಒಬ್ಬಳೇ ಕೇಂದ್ರದ ಬಾಗಿಲು ತೆಗೆದಳು. ಪೆಟ್ಟಿಗೆಯ ಹಿಂದೆ ನೋಡಿದರೆ, ಕಂಬಕ್ಕೆ ದನಿ ಒಯ್ಯಲು ಅಲ್ಲಿಂದ ಗೋಡೆಯವರೆಗೆ ಹೋಗುವ ಕಪ್ಪು ಕೇಬಲ್ಲಿನ ತುಂಡನ್ನು ಇಲಿ ತಿಂದುಹಾಕಿತ್ತು. ನಡುವೆ ಒಂದೆರಡು ತಾಮ್ರದ ಎಳೆ ಮಾತ್ರ ಹಿಡಿದುಕೊಂಡಿದ್ದವು.

ಅಲ್ಲಿ ಮನಸ್ಸು ಯೋಚಿಸುವ ಮೊದಲೇ ಕೈ ಓಡಿತು. ಕಡಿದ ಎಳೆ ಕಂಡಿದೆ, ಕಂಡವಳು ತಾನು, ಇನ್ನು ಯಾರನ್ನು ಕೇಳುವುದು? ಫೋನು ಪಕ್ಕದಲ್ಲೇ ಇತ್ತು, ಅದರ ನೆನಪೇ ಬರಲಿಲ್ಲ. ಇಲಿ ತಿಂದ ಭಾಗ ಕತ್ತರಿಸಿ, ಸಿಪ್ಪೆ ಸುಲಿದು, ಒಳಗಿನ ತೆಳು ಎಳೆಗಳನ್ನು ಒಂದೊಂದಾಗಿ ಎತ್ತಿ ನೇಕಾರರ ಗಂಟು ಹಾಕಿದಳು. ಹೊರಗಿನ ತಾಮ್ರದ ಎಳೆಗಳನ್ನು ಹೊಸೆದು ಕೂಡಿಸಿದಳು. ಕಪ್ಪು ಟೇಪು ಸುತ್ತಿದ ಮೇಲೆ ಗಂಟು ಎಲ್ಲಿದೆ ಎಂದು ಅವಳೇ ಹುಡುಕಬೇಕಾಯಿತು. ಅಪ್ಪ ನೋಡಿದ್ದರೆ ಭೇಷ್ ಎನ್ನುತ್ತಿದ್ದ.

ಯಂತ್ರ ಹಚ್ಚಿದಳು. ಮೇಜಿನ ಮೇಲಿನ ರೇಡಿಯೊ ಬೆಳಗಿನ ಹಾಡು ಹಾಡಿತು. ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣದೊಂದು ಕೆಂಪು ದೀಪ ಹೊತ್ತಿತು. ಅವಳು ಅದನ್ನು ನೋಡಿದಳು, ನೋಡಿಯೂ ಬಿಟ್ಟಳು. ಕಿವಿಗೆ ಕೇಳುತ್ತಿದೆಯಲ್ಲ, ನೇಕಾರರ ಮಗಳಿಗೆ ಅದಕ್ಕಿಂತ ಸಾಕ್ಷಿ ಬೇಕೇ? ಬಾಳವ್ವನಿಗೆ ಫೋನ್ ಮಾಡುವುದು ಸಿದ್ದಾರೂಢರ ಕೆಲಸವಾಗಿತ್ತು. ಅದು ಅವತ್ತು ಯಾರ ಕೆಲಸವೂ ಆಗಲಿಲ್ಲ.

ಕಾರ್ಯಕ್ರಮ ನಡೆಸಿಕೊಡುವ ಅನ್ನಪೂರ್ಣೇಶ್ವರಿ ಛತ್ರಿ ಕೊಡವುತ್ತ ಬಂದಳು. ಸ್ವಲ್ಪ ಹೊತ್ತಿಗೆ ತಾಲೂಕು ಕಚೇರಿಯಿಂದ ಸುದ್ದಿ ಬಂತು: ಮೇಲೆ ಮಳೆ ಜೋರಾಗಿದೆ, ಅಣೆಕಟ್ಟಿನಿಂದ ನೀರು ಬಿಡುತ್ತಿದ್ದಾರೆ, ಹೊಳೆ ದಂಡೆಯ ಮಂದಿ ದನಕರು, ಪಂಪ್‌ಸೆಟ್ಟುಗಳನ್ನು ಮೇಲಕ್ಕೆ ಸಾಗಿಸಿಕೊಳ್ಳಬೇಕು. ಅನ್ನಪೂರ್ಣೇಶ್ವರಿ ಹಾಡು ನಿಲ್ಲಿಸಿ ಅದನ್ನು ಓದಿದಳು, ಮತ್ತೆ ಮತ್ತೆ ಓದಿದಳು. ಗಾಜಿನ ಈಚೆ ನಿಂತ ಬನಶ್ರೀಯ ಎದೆ ಉಬ್ಬಿತು. ಈ ಮಾತು ನನ್ನ ಗಂಟಿನ ಮೇಲೆ ಹಾದು ಮೆಣಸಗಿಗೆ ಹೋಗುತ್ತಿದೆ ಎಂದುಕೊಂಡಳು. ಎಷ್ಟು ಖುಷಿಯಾಗಿದ್ದಳೆಂದರೆ, ಮಳೆಗಾಲ ಎನ್ನುವುದನ್ನೂ ಮರೆತು ಕಂಬದ ಬುಡಕ್ಕೆ ಒಂದು ಕೊಡ ನೀರು ಹಾಕಿ ಬಂದಳು.

ಆ ಹೊತ್ತಿಗೆ ಸಿದ್ದಾರೂಢರು ನರಗುಂದದಿಂದ ಮರಳುವ ಬಸ್ಸಿನಲ್ಲಿ ಕೂತಿದ್ದರು. ಅವರ ಕಿವಿಯಲ್ಲಿ ಯಾವಾಗಲೂ ಕಿಸೆ ರೇಡಿಯೊದ ಬಳ್ಳಿ ಇರುತ್ತಿತ್ತು. ದಾರಿಯಲ್ಲಿ ಒಂದು ಹಳ್ಳ. ಅದನ್ನು ದಾಟಿದ ಕೂಡಲೇ ಎರೆನಾಡು ಬಾನುಲಿ ಕೇಳಬೇಕು. ಅವತ್ತು ಹಳ್ಳ ದಾಟಿತು, ದನಿ ಬರಲಿಲ್ಲ. ಹೊಲ ದಾಟಿತು, ಊರು ದಾಟಿತು, ಬರಲಿಲ್ಲ. ರೋಣದ ಮನೆಗಳು ಕಾಣಿಸಿದ ಮೇಲೆ ಅನ್ನಪೂರ್ಣೇಶ್ವರಿಯ ಮಾತು ಕಿವಿಗೆ ಬಿತ್ತು, ಅದೂ ಹೊಳೆಯ ಸುದ್ದಿ. ಅವರು ಬಸ್‌ಸ್ಟ್ಯಾಂಡಿನಿಂದ ಓಡಿಬಂದರು. ಬಂದವರೇ ಯಾರನ್ನೂ ಮಾತಾಡಿಸದೆ ಪೆಟ್ಟಿಗೆಯ ಕೆಂಪು ದೀಪ ನೋಡಿದರು.

"ಬಾಳವ್ವಗ ಫೋನ್ ಮಾಡಿದ್ಯಾ?"

"ಇಲ್ಲರಿ ಸರ್. ಇಲ್ಲಿ ಸ್ವಚ್ಛ ಕೇಳಾಕತ್ತೈತಲ್ರಿ..."

"ಈಗ ಮಾಡು."

ಬಾಳವ್ವ ಫೋನೆತ್ತಿದ ಕೂಡಲೇ ತರಾಟೆಗೆ ತೆಗೆದುಕೊಂಡಳು. "ಏನಾಗೈತ್ರಿ ನಿಮಗ? ಮುಂಜಾನಿಂದ ಬರೇ ಗರ್ ಅಂತೈತಿ. ನಾ ಡಬ್ಬಿನ ಕೆಟ್ಟೈತಂತ ಬಡದು ಬಡದು ಸಾಕಾತು."

ಮತ್ತೆ ಮತ್ತೆ ಓದಿದ ಸುದ್ದಿ, ಮೆಣಸಗಿಯಲ್ಲಿ ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಬನಶ್ರೀ ತೊದಲುತ್ತಲೇ ಹೊಳೆಯ ವಿಷಯ ಹೇಳಿದಳು. ಆ ಕಡೆಯಿಂದ, "ಅಯ್ಯ ಶಿವನ, ದನಾ ಎಲ್ಲಾ ದಂಡಿಮ್ಯಾಲ ಅದಾವು!" ಎಂದು ಕೂಗಿದ್ದು ಕೇಳಿ ಫೋನು ಕಡಿಯಿತು.

ಒಬ್ಬ ಮುದುಕಿ ಎಷ್ಟು ಹೊಲಕ್ಕೆ ಓಡಿಯಾಳು? ಸಿದ್ದಾರೂಢರು ಯಂತ್ರ ಆರಿಸಿ, ಕೇಬಲ್ಲು ಬಿಚ್ಚಿ, ಟೇಪು ಸುಲಿದು ಗಂಟನ್ನು ಬೆಳಕಿಗೆ ಹಿಡಿದರು.

"ಗಂಟು ಭಾಳ ಚಲೋ ಹಾಕೀದಿ," ಎಂದರು. ಬೈದಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ. "ಆದ್ರ ತಂಗಿ, ರೇಡಿಯೊದ ಅಲಿ ತಂತಿಯೊಳಗ ಹೋಗೂದುಲ್ಲ. ಒಳಗಿನ ತಂತಿಗೂ ಹೊರಗಿನ ಜಾಳಿಗಿಗೂ ನಡುವ ಸಂದಿ ಐತೆಲ್ಲ, ಆ ಸಂದ್ಯಾಗ ಹೋಗ್ತೈತಿ. ಆ ಸಂದಿ ಉದ್ದಕ್ಕೂ ಒಂದ ಸಮ ಇರಬೇಕು. ಎಲ್ಲೇ ಒಂದೀಟು ಹೆಚ್ಚುಕಮ್ಮಿ ಆದ್ರ ಅಲಿ ಅಲ್ಲೇ ಬೆದರಿ ಹೊಳ್ಳಿ ಬರ್ತೈತಿ. ಹೊಳ್ಳಿ ಬಂದ ಅಲಿ ಪೆಟಗಿನ ಸುಡ್ತೈತಿ. ಅದಕ್ಕ ಪೆಟಗಿ ಅಂಜಿ, ಕೆಂಪು ದೀಪಾ ಹಚ್ಚಿ, ತನ್ನ ಶಕ್ತಿ ತಾನ ಇಳಿಸಿಕೊಂಡು ಕುಂತೈತಿ. ಊರ ದಾಟೂ ಶಕ್ತಿನೂ ಉಳಿದಿಲ್ಲ ಅದಕ್ಕ."

ಬನಶ್ರೀ ಗಂಟನ್ನೇ ನೋಡಿದಳು. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಗಂಟು. ಓಣಿಯ ಯಾವ ಹಿರಿಯನೂ ಇದನ್ನು ಹಿಡಿಯಲಾರ. ಕಣ್ಣಿಲ್ಲದ, ಮೈಯಿಲ್ಲದ ಅಲೆಯೊಂದು ಹಿಡಿದುಬಿಟ್ಟಿತ್ತು. ಅಷ್ಟು ಹೆದರಿಕೆಯಲ್ಲೂ, ಕೋಟೆಯ ಮೇಲೆ ಜುಮ್ಮೆಂದಿದ್ದ ಮೈ ಮತ್ತೊಮ್ಮೆ ಜುಮ್ಮೆಂದಿತು.

ಸಿದ್ದಾರೂಢರು ಕಪಾಟಿನಿಂದ ಹೊಸ ಕೇಬಲ್ಲಿನ ತುಂಡು, ಅದರ ತುದಿಗೆ ಕೂರಿಸುವ ಎರಡು ಹಿತ್ತಾಳೆಯ ತಿರುಪು, ಬೆಸುಗೆಯ ಸಲಾಕೆ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿ ಕೂತರು.

"ಮಾಡು."

"ನಾನಾ? ಸರ್, ಹೊಳಿ ಬರಾಕತ್ತೈತ್ರಿ... ನೀವ ಮಾಡ್ರಿ, ಲಗೂ ಆಗ್ತೈತಿ."

"ನನ್ನ ಬೆರಳ ದಪ್ಪ ಅದಾವ. ನಿನ್ನಷ್ಟು ಲಗೂ ನನಗ ಆಗೂದುಲ್ಲ. ನಾ ಹೇಳ್ತೀನಿ, ನೀ ಮಾಡು. ಕೇಳದ ಮುಂದಕ್ಕ ಹೋಗಬ್ಯಾಡ."

ಅವಳು ಕಪ್ಪು ಸಿಪ್ಪೆ ಸುಲಿದಳು. ಒಳಗೆ ಕೂದಲಷ್ಟು ತೆಳುವಾದ ತಾಮ್ರದ ಎಳೆಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾದು ಹೊಳೆಯುತ್ತಿದ್ದವು. ಬೆಳಿಗ್ಗೆ ಗಡಿಬಿಡಿಯಲ್ಲಿ ಹೊಸೆದು ತಿರುವಿದ್ದ ಎಳೆಗಳೇ ಇವು. ಆಗ ನೋಡಿರಲಿಲ್ಲ, ಈಗ ನೋಡಿದಳು.

"ಸರ್, ಇದನ್ನ ನೇದಾರ್ರಿ!"

"ಹೌದು. ಮಷೀನು ನೇದೈತಿ. ಅದು ಹರೀದಂಗ ಬಿಚ್ಚು."

ಇಡೀ ಜಗತ್ತಿನ ಮಾತು ಈ ನೇಯ್ಗೆಯ ಕೊಳವೆಯೊಳಗೆ ಓಡಾಡುತ್ತಿದೆಯೇ ಎಂದು ಅವಳು ಬೆರಗಾದಳು. ಬೆರಗಾಗುತ್ತಲೇ ಬೆರಳು ಕೆಲಸ ಮಾಡಿದವು. ಒಂದೂ ಎಳೆ ಕಡಿಯದಂತೆ ಜಾಳಿಗೆಯನ್ನು ಬಿಡಿಸಿ ಹಿಂದಕ್ಕೆ ಬಾಚಿದಳು. ಪ್ರತಿ ಹೆಜ್ಜೆಗೂ, "ಇಷ್ಟು ಸಾಕೇನ್ರಿ?" ಎಂದು ಕೇಳಿದಳು. ಅವರು "ಸಾಕು" ಎಂದ ಮೇಲೆ ಮುಂದಕ್ಕೆ ಹೋದಳು. ಕೇಳದೆ ಗಂಟು ಹಾಕುವ ಓಣಿಯ ಹುಡುಗಿಗೆ ಬೆಸುಗೆಗಿಂತ ಈ ಕೇಳುವುದೇ ಕಷ್ಟವಾಯಿತು. ಎರಡೂ ತುದಿಗೆ ತಿರುಪು ಕೂತಾಗ ಅವಳ ಹಣೆಯ ಬೆವರು ಮೇಜಿನ ಮೇಲೆ ಬಿದ್ದಿತ್ತು.

ಕೇಬಲ್ಲು ಸಿಕ್ಕಿಸಿ ಯಂತ್ರ ಹಚ್ಚಿದರು. ಕೆಂಪು ದೀಪ ಹೊತ್ತಲಿಲ್ಲ. ಹೊಳ್ಳಿ ಬರುವ ಅಲೆಯನ್ನು ತೋರಿಸುವ ಮುಳ್ಳು ಮೇಲೇಳದೆ ಮಲಗಿತು. ಅನ್ನಪೂರ್ಣೇಶ್ವರಿ ಉಸಿರು ಎಳೆದುಕೊಂಡು ಹೊಳೆಯ ಸುದ್ದಿಯನ್ನು ಮತ್ತೆ ಮೊದಲಿನಿಂದ ಓದಿದಳು.

ಬನಶ್ರೀ ಬಾಳವ್ವನಿಗೆ ಫೋನ್ ಹಚ್ಚಿದಳು. ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ. ದನಿ ಹೋಗಿದೆಯೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಮುಳ್ಳು ಸರಿ ಎನ್ನುತ್ತಿತ್ತು, ದೀಪ ಸರಿ ಎನ್ನುತ್ತಿತ್ತು, ಮೇಜಿನ ರೇಡಿಯೊ ಸರಿ ಎನ್ನುತ್ತಿತ್ತು. ಅವಳು ಯಾವುದನ್ನೂ ನಂಬಲಿಲ್ಲ. ತನ್ನ ಕೆಲಸ ಹೋಯಿತು ಎನ್ನುವುದು ಆಗಲೇ ಖಾತ್ರಿಯಾಗಿತ್ತು, ಅದರ ಚಿಂತೆ ಈಗ ಇರಲಿಲ್ಲ. ದಂಡೆಯ ಮೇಲೆ ದನ ಇದ್ದವು, ಮನುಷ್ಯರಿದ್ದರು. ಸಿದ್ದಾರೂಢರು ಚಹಾ ತರಿಸಿದರು, ಆದರೆ ಲೋಟ ಮುಟ್ಟಲಿಲ್ಲ.

ಬಹಳ ಹೊತ್ತಾದ ಮೇಲೆ ಫೋನು ತಾನೇ ಬಾರಿಸಿತು.

"ಯವ್ವಾ, ಕೇಳು!" ಬಾಳವ್ವ ಏದುಸಿರು ಬಿಡುತ್ತಿದ್ದಳು. "ನಾ ದಂಡಿಮ್ಯಾಲ ನಿಂತು ಒದರಿ ಒದರಿ ಗಂಟಲ ಹರಕೊಂಡೆ. ಗಾಳಿಗೆ ಯಾರಿಗೂ ಕೇಳವಲ್ದು. ಅಷ್ಟರಾಗ ನಿಂಗಪ್ಪನ ಟ್ರ್ಯಾಕ್ಟರಿನ ಡಬ್ಬಿ ಬಾಯಿಬಿಡ್ತು ನೋಡು! ಅವ ಜೋರ ಇಟ್ಟಾ, ಇಡೀ ದಂಡಿಗೆ ಕೇಳ್ತು. ದನಾ ಬಂದ್ವು, ಪಂಪಸೆಟ್ಟೂ ಮ್ಯಾಲ ಬಂದ್ವು. ನೀರು ಈಗ ದಂಡಿ ಕಲ್ಲಿನ ಮ್ಯಾಲ ಹತ್ತಾಕತ್ತೈತಿ. ತಡಿ, ನೀನ ಕೇಳು."

ಬಾಳವ್ವ ಫೋನನ್ನು ಟ್ರ್ಯಾಕ್ಟರಿನತ್ತ ಹಿಡಿದಳು. ಎಮ್ಮೆಗಳ ಕೂಗು, ಮಂದಿಯ ಗದ್ದಲ, ಇವೆಲ್ಲದರ ಮೇಲೆ ಅನ್ನಪೂರ್ಣೇಶ್ವರಿಯ ದನಿ. ಗಾಜಿನ ಆಚೆ ಅವಳ ತುಟಿ ಅಲ್ಲಾಡುವುದು ಬನಶ್ರೀಗೆ ಕಾಣುತ್ತಿತ್ತು. ಅದೇ ಮಾತು ಹೊಳೆಯ ದಂಡೆಗೆ ಹೋಗಿ, ಅಲ್ಲಿಂದ ಅವಳ ಕಿವಿಗೆ ಬರುತ್ತಿತ್ತು. ಬನಶ್ರೀ ಗೋಡೆಗೆ ಒರಗಿ ಅತ್ತುಬಿಟ್ಟಳು.

ಸಿದ್ದಾರೂಢರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಗಂಟು ಹಾಕಿದ ಕೇಬಲ್ಲಿನ ತುಂಡನ್ನು ಅವಳ ಕೈಗಿಟ್ಟು, "ಇದನ್ನ ಒಗೀಬ್ಯಾಡ," ಎಂದರು. "ಮತ್ತ ಇನ್ನ ಮ್ಯಾಲ ಮುಂಜಾನಿ ಬಾಳವ್ವಗ ಫೋನ್ ಮಾಡೂದು ನಿನ್ನ ಕೆಲಸ."

ರವಿವಾರ ಅವಳು ಊರಿಗೆ ಹೋದಳು. ಮಳೆ ಹ್ಯಾಪೆ ಮೋರೆ ಹಾಕಿಕೊಂಡು ಹಿಂದೆ ಸರಿಯುತ್ತಿತ್ತು, ಅಪ್ಪ ಹಾಕಿದ ಗಡಿ ಹತ್ತಿರ ಬಂದಿತ್ತು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಕೇಬಲ್ಲಿನ ತುಂಡನ್ನು ಮುದಿಯಪ್ಪನ ಮುಂದಿಟ್ಟಳು. ಅವನು ಮಗ್ಗ ನಿಲ್ಲಿಸಿ, ಗಂಟಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದ. ಒಳಗಿಂದ ಸಾವಕ್ಕ ತಲೆ ಎತ್ತಿ ನೋಡಿದಳು.

"ಗಂಟು ಸಿಗವಲ್ದಲ್ಲ," ಎಂದ ಅಪ್ಪ.

"ನಿಮಗ ಸಿಗೂದುಲ್ಲಪ್ಪಾ. ಅಲಿಗೆ ಸಿಕ್ತು."

ಮುದಿಯಪ್ಪ ಗೂಟದ ರೇಡಿಯೊ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, "ನಡಿ, ಆ ನಜೀರಸಾಬ ತೋರಿಸಿದ್ದನ್ನ ನನಗೂ ತೋರಿಸು," ಎಂದ. ಇಬ್ಬರೂ ಕೋಟೆ ಹತ್ತಿದರು. ಓಣಿಯಲ್ಲಿ ಎಂದೂ ಕೇಳದ ರೋಣದ ಕೇಂದ್ರ, ಮೇಲೆ ಹೋದ ಮೇಲೆ ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳಿತು. ಯಾರೋ ಹೆಂಗಸರು ಬೀಸುವ ಪದ ಹೇಳುತ್ತಿದ್ದರು. ಮುದಿಯಪ್ಪ ಪೂರ್ತಿ ಪದ ಕೇಳಿದ.

"ಇದರಾಗ ನಿನ್ನ ಕೆಲಸ ಎಲ್ಲೈತಿ?"

"ನನ್ನ ಕೆಲಸ ಇದರಾಗ ಕೇಳಬಾರದಪ್ಪಾ. ಕೇಳಿದ್ರ ಕೆಟ್ಟೈತಿ ಅಂತ ಲೆಕ್ಕ."

ಅವನು ಮಗಳ ಮುಖ ನೋಡಿದ. ಇಡೀ ಆಯುಷ್ಯ ಕಾಣದ ಗಂಟು ಹಾಕಿದವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ನೂಲಿನಿಂದ ಗೀರು ಬಿದ್ದ ಅಂಗೈಯನ್ನು ಗಾಳಿಗೆ ಚಾಚಿ ಹಿಡಿದ.

"ಈಗ ಹಾದು ಹೊಂಟೈತೇನು?"

"ಹೂಂನಪ್ಪಾ. ನಿಮ್ಮ ಅಂಗೈಯೊಳಗಿಂದನ ಹೊಂಟೈತಿ."

ಮುದಿಯಪ್ಪ ನಿಧಾನವಾಗಿ ಮುಷ್ಟಿ ಮಡಚಿದ, ಮತ್ತೆ ಬಿಚ್ಚಿದ. ಹಾಡು ಒಂದು ಎಳೆಯೂ ಕಡಿಯದೆ ಕೇಳುತ್ತಲೇ ಇತ್ತು. ಅವನ ಕಣ್ಣು ತುಂಬಿದ್ದವು.

"ಎರಡನೇ ಮಗ್ಗಕ್ಕ ನಿಮ್ಮ ಕಾಕಾನ ಮಗ ಈರೇಶಗ ಕೂಡಂತೀನಿ," ಎಂದ. "ನೀ ನಾಳೆ ಮೊದಲನೇ ಬಸ್ಸಿಗೆ ಹೋಗು. ಆ ಮುದುಕಿ ನಿನ್ನ ಫೋನಿನ ದಾರಿ ಕಾಯ್ತಿರ್ತಾಳ."